ನಿಯೋಗವೆಂಬ ಹೆಸರಿನ ದಂಡಯಾತ್ರೆ



ಹಿಮಾಲಯದ ಆಚೆಗಿರುವ ಟಿಬೆಟ್ಟಿನ ಮೇಲೆ ಬ್ರಿಟಿಷರು 1903-04ರಲ್ಲಿ ನಡೆಸಿದ ದಂಡಯಾತ್ರೆಯನ್ನು ಕುರಿತು ಇಂದು ನಾವು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಅಷ್ಟು ದೂರದ ಪರ್ವತದೇಶದ ವೃತ್ತಾಂತದಿಂದ ಕನ್ನಡಿಗರಿಗೇನು ಎಂದು ಕೆಲವರು ಕೇಳಬಹುದು. ಆ ದಂಡಿನ ವೆಚ್ಚವು ಯಾರ ಬೊಕ್ಕಸದಿಂದ ಹೊರಟಿತೆಂಬುದನ್ನು ಅರಿತರೆ ಉತ್ತರವು ತಾನಾಗಿಯೇ ದೊರೆಯುವುದು.

ಲ್ಹಾಸಾದಲ್ಲಿ ರಶಿಯಾದ ಪ್ರಭಾವವು ಬೆಳೆಯುತ್ತಿದೆಯೆಂಬುದು ವೈಸರಾಯ್ ಲಾರ್ಡ್ ಕರ್ಜನ್ನರ ಶಂಕೆಯಾಗಿತ್ತು. ಅವರು ದಲೈ ಲಾಮಾ ಅವರಿಗೆ ಬರೆದ ಪತ್ರಗಳು ಒಡೆಯದೆಯೇ ಮರಳಿ ಬಂದವು. ಆಗ ಕರ್ನಲ್ ಫ್ರಾನ್ಸಿಸ್ ಯಂಗ್‌ಹಸ್ಬೆಂಡರ ಮುಂದಾಳುತನದಲ್ಲಿ ಒಂದು ‘ರಾಜಕೀಯ ನಿಯೋಗ’ವು ಹೊರಟಿತು. ನಿಯೋಗವೆಂದರೆ ಪತ್ರ ಹಿಡಿದ ನಾಲ್ಕಾರು ಅಧಿಕಾರಿಗಳೆಂದು ಭಾವಿಸಬೇಡಿರಿ. 1903ನೆಯ ಇಸವಿಯ ಡಿಸೆಂಬರಿನಲ್ಲಿ ಅದು 14,000 ಅಡಿಗಳಿಗೂ ಎತ್ತರವಾದ ಜೆಲೆಪ್ ಘಟ್ಟವನ್ನು ದಾಟಿದಾಗ, ಜನರಲ್ ಮ್ಯಾಕ್‌ಡೊನಾಲ್ಡರ ಕೈಕೆಳಗೆ ಸಿಖ್ಖ ಹಾಗೂ ಗೂರ್ಖಾ ಸಿಪಾಯಿಗಳೂ, ತೋಪುಗಳೂ, ಮ್ಯಾಕ್ಸಿಮ್ ಬಂದೂಕುಗಳೂ ಅದರ ಸಂಗಡ ಇದ್ದವು.

1904ನೆಯ ಮಾರ್ಚ್ 31ರಂದು ಗುರು ಎಂಬ ಸ್ಥಳದಲ್ಲಿ, ಕಲ್ಲುಗೋಡೆಯ ಮರೆಯಲ್ಲಿ ದಾರಿಗಟ್ಟಿ ನಿಂತಿದ್ದ ಟಿಬೆಟ್ಟಿನವರ ಆಯುಧಗಳನ್ನು ಕಸಿಯಲು ಹೋದಾಗ ಗಲಭೆಯೆದ್ದಿತು. ಬತ್ತಿಯ ಬಂದೂಕನ್ನೂ ಕತ್ತಿಯನ್ನೂ ಹಿಡಿದವರ ಮೇಲೆ ಯಂತ್ರದ ಬಂದೂಕುಗಳು ಗುಂಡಿನ ಮಳೆಗರೆದವು. ಸ್ವಲ್ಪ ಹೊತ್ತಿನಲ್ಲಿಯೇ ಸುಮಾರು 600 ಜನ ಮಡಿದರು. ಇತ್ತ ಕಡೆ ಗಾಯಗೊಂಡವರು ಕೆಲವೇ ಜನ. ಇದನ್ನು ನಿಯೋಗವೆನ್ನಬೇಕೋ, ಯುದ್ಧವೆನ್ನಬೇಕೋ, ನೀವೇ ನಿರ್ಣಯಿಸಿರಿ.

ಹೆಸರಿನ ಮೇಲೆ ನಾವೇಕೆ ಇಷ್ಟು ಒತ್ತು ಕೊಡುತ್ತೇವೆ? ಹಿಂದುಸ್ಥಾನದ ಗಡಿಯಾಚೆ ನಡೆಯುವ ಸೇನಾಕಾರ್ಯಕ್ಕೆ ಈ ದೇಶದ ಉತ್ಪನ್ನವನ್ನು ಪಾರ್ಲಿಮೆಂಟಿನ ಎರಡೂ ಸಭೆಗಳ ಒಪ್ಪಿಗೆಯಿಲ್ಲದೆ ಬಳಸಕೂಡದೆಂದು 1858ನೆಯ ಶಾಸನದ 55ನೆಯ ಕಲಮು ವಿಧಿಸಿತ್ತು. ಪರರ ದಾಳಿಯನ್ನು ತಡೆಯುವುದು, ಅಥವಾ ತಟ್ಟನೆ ಒದಗಿದ ತುರ್ತು, ಇವೆರಡೇ ಅಪವಾದಗಳು. ದಂಡಿಗೆ ನಿಯೋಗವೆಂದು ಹೆಸರಿಟ್ಟುದರಿಂದ ಕಲಮು ಮಲಗಿಯೇ ಉಳಿಯಿತು. ಒಪ್ಪಿಗೆಯನ್ನು ಬೇಡಿದ್ದು ಗುರುವಿನ ರಕ್ತಪಾತವಾದ ಬಳಿಕ, ಎಪ್ರಿಲ್ ತಿಂಗಳಿನಲ್ಲಿ. ಅದೂ ನಿಯೋಗದ ರಕ್ಷಣೆಗೆಂದು! ಸೈನ್ಯವು ಹಿಮದ ನಡುವೆ ನಿಂತಿರುವಾಗ ಅದಕ್ಕೆ ಅನ್ನ ಕೊಡಬೇಡಿರೆಂದು ಯಾವ ಸಭೆ ತಾನೆ ಹೇಳೀತು? ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕೂಡಿದ ಕಾಂಗ್ರೆಸ್ಸು ಈ ಕಪಟವನ್ನೇ ತನ್ನ ಠರಾವಿನಲ್ಲಿ ಎತ್ತಿ ತೋರಿಸಿತು.

ಫಲವೇನಾಯಿತು? ಜುಲೈ 6ರಂದು ಗ್ಯಾಂತ್ಸೆಯ ಕೋಟೆ ಬಿದ್ದಿತು. ಆಗಸ್ಟಿನಲ್ಲಿ ದಂಡು ಲ್ಹಾಸಾವನ್ನು ಹೊಕ್ಕಿತು. ದಲೈ ಲಾಮಾ ಅವರು ಅಷ್ಟರಲ್ಲಿಯೇ ಮಂಗೋಲಿಯಾದತ್ತ ತೆರಳಿದ್ದರು. ರಶಿಯಾದ ಸೈನ್ಯವಂತೂ ಅಲ್ಲಿರಲಿಲ್ಲ. ಸೆಪ್ಟೆಂಬರ್ 7ರ ಒಪ್ಪಂದದಲ್ಲಿ ಬಡ ಟಿಬೆಟ್ಟಿನ ಮೇಲೆ 75 ಲಕ್ಷ ರೂಪಾಯಿಗಳ ದಂಡವನ್ನು ಹೇರಲಾಯಿತು. ತರುವಾಯ ಅದನ್ನು 25 ಲಕ್ಷಕ್ಕೆ ಇಳಿಸಿದರು. ಒತ್ತೆಯಾಗಿ ಹಿಡಿದಿದ್ದ ಚುಂಬಿ ಕಣಿವೆಯನ್ನು 1908ರಲ್ಲಿ ಬಿಟ್ಟುಕೊಟ್ಟರು. ಯಾವ ರಶಿಯಾದ ಭಯದಿಂದ ಇಷ್ಟೆಲ್ಲ ನಡೆಯಿತೋ, ಅದರೊಡನೆಯೇ 1907ರಲ್ಲಿ ಕರಾರು ಮಾಡಿಕೊಂಡು, ಲ್ಹಾಸಾಕ್ಕೆ ಇಬ್ಬರೂ ಪ್ರತಿನಿಧಿಗಳನ್ನು ಕಳುಹಬಾರದೆಂದು ಒಪ್ಪಿದರು. ಮಡಿದವರು ಮಾತ್ರ ಮರಳಲಿಲ್ಲ.

ಧಾರವಾಡದ ರೈತನು ಮುಂಬಯಿ ಇಲಾಖೆಗೆ, ಬಳ್ಳಾರಿಯ ರೈತನು ಮದ್ರಾಸು ಇಲಾಖೆಗೆ ಸೇರಿದ್ದ ಕಾಲವದು. ಒಂದೇ ನುಡಿಯ ಈ ಇಬ್ಬರೂ ಒಂದೆಡೆ ಕೂಡಿ ಮಾತಾಡಲು ತಾವಿರಲಿಲ್ಲ. ಆದರೆ ಇಬ್ಬರೂ ಕೊಂಡ ಉಪ್ಪಿನ ಮೇಲಿನ ತೆರಿಗೆಯು ಒಂದೇ ಬೊಕ್ಕಸವನ್ನು ಸೇರುತ್ತಿತ್ತು. ಕೇಳುವ ಬಾಯಿಯಿಲ್ಲದವನ ಹಣವು ಅವನರಿಯದ ಯುದ್ಧಕ್ಕೆ ಹೋಗುವುದು ಹೀಗೆಯೇ. ಆದುದರಿಂದ ಸರಕಾರವು ಯಾರದೇ ಆಗಿರಲಿ, ಅದು ಒಂದು ಕಾರ್ಯಕ್ಕೆ ಸೌಮ್ಯವಾದ ಹೆಸರನ್ನಿಟ್ಟು ಹಣ ಕೇಳಿದಾಗ, ಹೆಸರನ್ನು ಬದಿಗಿರಿಸಿ ಕಾರ್ಯವನ್ನು ಪರೀಕ್ಷಿಸುವುದು ಪ್ರಜೆಯ ಧರ್ಮ. ಉಪಾಧ್ಯಾಯರಾದವರು ಈ ಪಾಠವನ್ನು ಮಕ್ಕಳಿಗೆ ಕಲಿಸಬೇಕೆಂದು ನಾವು ಬಿನ್ನವಿಸುತ್ತೇವೆ.