ಓದು ಬಲ್ಲ ದೆವ್ವ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ದೆವ್ವದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಾವು ಎದ್ದು ನಿಂತಿದ್ದೇವೆ. ರಾಜ್ಯೋತ್ಸವದ ವೇದಿಕೆಯಲ್ಲಿ ದೆವ್ವಕ್ಕೇನು ಕೆಲಸವೆಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ನಾವು ಹೇಳಹೊರಟಿರುವ ದೆವ್ವ ಅಚ್ಚ ಕನ್ನಡದ್ದು, ಕನ್ನಡ ಓದಬಲ್ಲದ್ದು. ಮಲಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಪೈಕಿ ಎಷ್ಟೋ ಮಂದಿಗೆ ಬಾರದ ವಿದ್ಯೆ ಅದಕ್ಕೆ ಬರುತ್ತದೆ.

1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಒಂದು ಸುದ್ದಿ ಹಬ್ಬಿತ್ತು. ರಾತ್ರಿಯ ಹೊತ್ತು ಹೆಣ್ಣು ದೆವ್ವವೊಂದು ಬಂದು ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ತೆರೆದವನು ಕೆಟ್ಟ ಎಂದು. ಜನ ಕಂಡುಕೊಂಡ ಉಪಾಯ ಬಹಳ ಸುಲಭವಾದುದು. ಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಲಿನಲ್ಲೋ ‘ನಾಳೆ ಬಾ’ ಎಂದು ಬರೆದುಬಿಟ್ಟರು. ದೆವ್ವ ಬರುತ್ತದೆ, ಓದುತ್ತದೆ, ಹೊರಟುಹೋಗುತ್ತದೆ. ಮರುದಿನ ಮತ್ತೆ ಬರುತ್ತದೆ, ಮತ್ತೆ ಓದುತ್ತದೆ. ಸಾಲಗಾರನಿಗೆ ಹೇಳುವ ಮಾತನ್ನೇ ದೆವ್ವಕ್ಕೂ ಹೇಳಿ ತಪ್ಪಿಸಿಕೊಂಡ ಜಾಣರು ನಮ್ಮವರು!

ಈ ‘ನಾಳೆ ಬಾ’ ಕಥೆಯೇ ಗಟ್ಟ ಹತ್ತಿ, ನರ್ಮದೆ ದಾಟಿ, ಮಧ್ಯಪ್ರದೇಶದ ಚಂದೇರಿ ಎಂಬ ಊರಿಗೆ ಹೋಗಿ ಹಿಂದಿ ಚಿತ್ರವಾಯಿತು. ಅಮರ್ ಕೌಶಿಕರ ನಿರ್ದೇಶನದ ‘ಸ್ತ್ರೀ’ 2018ರ ಆಗಸ್ಟ್ 31ರಂದು ತೆರೆಕಂಡಿತು. ಅದರ ಎರಡನೆಯ ಭಾಗ 2024ರಲ್ಲಿ ಬಂತು. ನೀವೆಲ್ಲರೂ ನೋಡಿರುವಿರಿ. ಆದರೂ ಕಥೆಯ ಒಂದು ಎಳೆಯನ್ನು ಎತ್ತಿ ತೋರಿಸಬೇಕಾಗಿದೆ.

ಊರಿನ ಹಬ್ಬದ ನಾಲ್ಕು ರಾತ್ರಿ ದೆವ್ವ ಬರುತ್ತದೆ. ಅದು ಹೆಂಗಸರ ತಂಟೆಗೆ ಹೋಗುವುದಿಲ್ಲ. ಗಂಡಸರನ್ನು ಮಾತ್ರ ಒಯ್ಯುತ್ತದೆ, ಅವರ ಬಟ್ಟೆಯನ್ನು ಅಲ್ಲಿಯೇ ಬಿಟ್ಟು. ಆದುದರಿಂದ ಕತ್ತಲಾದೊಡನೆ ಗಂಡಸರು ಮನೆ ಸೇರಿ ಅಗುಳಿ ಹಾಕಿಕೊಳ್ಳಬೇಕು, ಒಬ್ಬಂಟಿಯಾಗಿ ತಿರುಗಕೂಡದು, ಯಾರಾದರೂ ಕರೆದರೆ ಹಿಂತಿರುಗಿ ನೋಡಕೂಡದು. ಸೀರೆ ಉಟ್ಟು ಹೊರಬೀಳುವ ಗಂಡಸರೂ ಇದ್ದಾರೆ. ಚಿತ್ರಮಂದಿರದಲ್ಲಿ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಗಸರೂ ನಕ್ಕರು, ಆದರೆ ಆ ನಗು ಬೇರೆ ಬಗೆಯದು. ಕತ್ತಲಾಗುವುದರೊಳಗೆ ಮನೆ ಸೇರು, ಒಬ್ಬಳೇ ಹೋಗಬೇಡ, ಹಿಂದಿನಿಂದ ಕೂಗಿದರೆ ತಿರುಗಬೇಡ – ಇವನ್ನು ಅವರು ಚಂದೇರಿಯಿಂದ ಕಲಿಯಬೇಕಾಗಿರಲಿಲ್ಲ. ಹತ್ತನೆಯ ವಯಸ್ಸಿಗೇ ಬಾಯಿಪಾಠವಾಗಿತ್ತು.

ಇನ್ನೊಂದು ವಿಶೇಷ. ಈ ದೆವ್ವ ಯಾರನ್ನೂ ಬಲಾತ್ಕಾರದಿಂದ ಒಯ್ಯುವುದಿಲ್ಲ. ಹೆಸರು ಹಿಡಿದು ಕರೆಯುತ್ತದೆ. ಅವನು ತಿರುಗಿದರೆ ಮಾತ್ರ ಒಪ್ಪಿಗೆ ಎಂದು ತಿಳಿಯುತ್ತದೆ. ಪಂಕಜ್ ತ್ರಿಪಾಠಿಯವರ ಪಾತ್ರ ಇದನ್ನು ಗಂಭೀರ ಮುಖದಲ್ಲಿ ವಿವರಿಸುವಾಗ ನಗೆ ತಡೆಯುವುದಿಲ್ಲ. ಒಪ್ಪಿಗೆ ಕೇಳುವುದು, ಗೋಡೆಯ ಬರಹಕ್ಕೆ ಮರ್ಯಾದೆ ಕೊಡುವುದು – ಇವೆರಡು ಗುಣ ಆ ಊರಿನ ರಸಿಕ ಮಹಾಶಯರಲ್ಲಿ ಇಲ್ಲದೆ ದೆವ್ವದಲ್ಲಿ ಇವೆ ಎಂಬುದೇ ಆ ಚಿತ್ರದ ಹಾಸ್ಯ.

ಈಗ ನಮ್ಮ ಮಲಾಡ್ ಸ್ಟೇಶನ್ನಿಗೆ ಬನ್ನಿ. ಗೋರೆಗಾಂವ್ ಬಿಟ್ಟ ಗಾಡಿ ನಿಂತಾಗ ಹೆಂಗಸರ ಡಬ್ಬಿಯ ಮೇಲೆ ಬರೆದಿರುವುದು ದೂರದಿಂದಲೇ ಕಾಣುತ್ತದೆ. ಅಕ್ಷರ ಮಾತ್ರವಲ್ಲ, ಓದು ಬಾರದವರಿಗಾಗಿ ಹೆಂಗಸಿನ ಚಿತ್ರವೂ ಇದೆ. ಆದರೂ ‘ಗೊತ್ತಾಗಲಿಲ್ಲ’ ಎನ್ನುತ್ತ ಹತ್ತುವ ಪದವೀಧರರು ಇದ್ದಾರೆ. ಪಶ್ಚಿಮ ರೈಲ್ವೆಯವರು 1992ರ ಮೇ 5ರಂದು ಚರ್ಚ್‌ಗೇಟ್ – ಬೋರಿವಲಿ ನಡುವೆ ಹೆಂಗಸರಿಗಾಗಿಯೇ ಇಡೀ ಗಾಡಿಯನ್ನು ಹೊರಡಿಸಿದರು. ಪ್ರಪಂಚದಲ್ಲಿ ಅಂಥದ್ದು ಅದೇ ಮೊದಲು ಎನ್ನುತ್ತಾರೆ. ಇದರಲ್ಲಿ ಹೆಮ್ಮೆ ಪಡುವುದೋ ನಾಚಿಕೆ ಪಡುವುದೋ ನಮಗೆ ತಿಳಿಯದು. ಗಂಡಸರನ್ನು ತಿದ್ದುವುದಕ್ಕಿಂತ ಬೇರೆ ಗಾಡಿ ಓಡಿಸುವುದು ಸುಲಭವೆಂದು ರೈಲ್ವೆಯವರಿಗೂ ತೋರಿರಬೇಕು.

ಹಿಂದಿಯ ಮಾತು ಸಾಕು. ನಮ್ಮದೇ ಕನ್ನಡದಲ್ಲಿ 2025ರ ಜುಲೈಯಲ್ಲಿ ‘ಸು ಫ್ರಮ್ ಸೋ’ ಬಂತು. ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದವರು ಜೆ. ಪಿ. ತುಮಿನಾಡ್, ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟರು. ಊರಿನ ಭಾಷೆ, ಊರಿನ ಮನೆ, ಊರಿನ ಮದ್ಯಪಾನ ಗೋಷ್ಠಿ, ಎಲ್ಲ ಇದ್ದುದರಿಂದ ಇಲ್ಲಿನ ನಮ್ಮ ಮಂದಿಗೆ ರಜೆಯಲ್ಲಿ ಊರಿಗೆ ಹೋಗಿ ಬಂದಂತಾಯಿತು. ಹೆಣ್ಣೊಬ್ಬಳನ್ನು ಕದ್ದು ನೋಡಹೋಗಿ ಸಿಕ್ಕಿಬಿದ್ದ ತರುಣನೊಬ್ಬ ಮೈಮೇಲೆ ದೆವ್ವ ಬಂದವನಂತೆ ನಟಿಸಿ ಪಾರಾಗುತ್ತಾನೆ. ಯಾವ ದೆವ್ವ? ಸೋಮೇಶ್ವರದ ಸುಲೋಚನೆ! ಅಲ್ಲಿಂದ ಊರಿಗೆ ಊರೇ ಹೆದರಿ, ಗುರೂಜಿಯನ್ನು ಕರೆಸಿ ಪಡುವ ಪಾಡನ್ನು ನಾವು ಹೇಳಿ ಕೆಡಿಸುವುದಿಲ್ಲ. ನಕ್ಕು ನಕ್ಕು ಸುಸ್ತಾದ ಮೇಲೆ ತಿಳಿಯುತ್ತದೆ: ಸುಲೋಚನೆಗೆ ಭಾನು ಎಂಬ ಮಗಳಿದ್ದಾಳೆ; ದೆವ್ವ ಸುಳ್ಳು, ಭಾನುವಿನ ಕಷ್ಟ ನಿಜ. ಕದ್ದು ನೋಡಿದ ಹುಡುಗನೇ ಕೊನೆಗೆ ಆ ಸುಳ್ಳು ದೆವ್ವವನ್ನು ಅವಳ ನೆರವಿಗೆ ನಿಲ್ಲಿಸಬೇಕಾಗುತ್ತದೆ.

ನಮ್ಮನ್ನು ತಡೆದು ನಿಲ್ಲಿಸಿದ ಸಂಗತಿ ಇದು. ಸತ್ತ ಸುಲೋಚನೆಯ ಹೆಸರಿನಲ್ಲಿ ಗಂಡಸು ಗದರಿಸಿದರೆ ಊರು ಕೈಕಟ್ಟಿ ಕೇಳುತ್ತದೆ. ಬದುಕಿರುವ ಭಾನು ಮೆಲ್ಲಗೆ ಹೇಳಿದ್ದರೆ ಯಾರು ಕೇಳುತ್ತಿದ್ದರು?

ದಕ್ಷಿಣ ಕನ್ನಡದಿಂದ ಬಂದವರಿಗೆ ಇದು ಹೊಸದಲ್ಲ. ಕವತ್ತಾರು, ನಂದಳಿಕೆಗಳ ಸಿರಿ ಜಾತ್ರೆಯನ್ನು ಕಂಡವರು ಈ ಸಭೆಯಲ್ಲಿ ಇದ್ದೀರಿ. ಹುಣ್ಣಿಮೆಯ ರಾತ್ರಿ ಹಿಂಗಾರದ ಗೊನೆ ಹಿಡಿದ ಹೆಂಗಸರ ಮೈಮೇಲೆ ಸಿರಿ ಬರುತ್ತಾಳೆ. ವರ್ಷವಿಡೀ ಬಾಯಿಬಿಡದ ಸೊಸೆ ಆ ರಾತ್ರಿ ಮಾತನಾಡಿದರೆ ಅತ್ತೆ, ಮಾವ, ಗಂಡ ಎಲ್ಲರೂ ತಗ್ಗಿ ಉತ್ತರ ಕೊಡುತ್ತಾರೆ. ಆ ಸಿರಿಯ ಕಥೆಯಾದರೋ ಸ್ತ್ರೀಲೋಲನ ಕಥೆಯೇ. ಗಂಡ ಕಾಂತು ಪೂಂಜ ಬಸುರಿ ಹೆಂಡತಿಯ ಬಯಕೆಗೆಂದು ಸೀರೆ ತರುತ್ತಾನೆ. ದಾರಿಯಲ್ಲಿ ಸಿದ್ದು ಎಂಬವಳ ಮನೆಗೆ ಹೋಗುತ್ತಾನೆ. ಅವಳು ಆ ಸೀರೆಯನ್ನು ಉಟ್ಟು ಮಡಚಿ ಕೊಡುತ್ತಾಳೆ. ತುಂಬಿದ ಸಭೆಯಲ್ಲಿ ಸಿರಿ ಅದನ್ನು ಬೇಡವೆನ್ನುತ್ತಾಳೆ. ಮುಂದೆ ಅವನ ಸಂಬಂಧವನ್ನೇ ಕಡಿದುಕೊಂಡು, ಕೂಸು ಕುಮಾರನನ್ನೂ ಕೆಲಸದ ದಾರುವನ್ನೂ ಕರೆದುಕೊಂಡು ಸತ್ಯನಾಪುರದ ಅರಮನೆ ಬಿಟ್ಟು ನಡೆಯುತ್ತಾಳೆ.

ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ಸಿರಿಯ ಕಥೆಯನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರೊಡನೆ 1990ರಲ್ಲಿ ದಾಖಲೆ ಮಾಡಿದರು. 15,683 ಸಾಲುಗಳು, ಪುಸ್ತಕವಾದದ್ದು 1998ರಲ್ಲಿ. ಗಮನಿಸಿ: ಸೀರೆ ಬೇಡವೆಂದಾಗ ಸಿರಿ ದೆವ್ವವೂ ಅಲ್ಲ, ದೈವವೂ ಅಲ್ಲ. ಬಸುರಿ ಹೆಂಗಸು, ಅಷ್ಟೆ.

ಆದುದರಿಂದ ‘ಸ್ತ್ರೀ’ ಚಿತ್ರದ ಮುಕ್ತಾಯ ನಮಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕೊನೆಯಲ್ಲಿ ಊರವರು ಗೋಡೆಯ ಬರಹವನ್ನು ಬದಲಿಸುತ್ತಾರೆ. ‘ನಾಳೆ ಬಾ’ ಎಂದಿದ್ದಲ್ಲಿ ‘ಕಾಪಾಡು ತಾಯಿ’ ಎಂಬರ್ಥದ ಬರಹ ಬರುತ್ತದೆ. ದೆವ್ವ ದೇವತೆಯಾಯಿತು. ನಡುವೆ ಒಂದು ಮೆಟ್ಟಿಲು ಬಿಟ್ಟುಹೋಯಿತೆಂದು ನಮ್ಮ ದೂರು. ಆ ಹೆಂಗಸು ಕೇಳಿದ್ದು ಮದುವೆಯಾಗಿ ಮರ್ಯಾದೆಯಿಂದ ಬಾಳುವ ಅವಕಾಶವನ್ನು. ಊರು ಅದನ್ನು ಕೊಡದೆ ಕೊಂದು, ಆಮೇಲೆ ಮೂರ್ತಿ ನಿಲ್ಲಿಸಿತು. ಮೂರ್ತಿಗೆ ದಿನಕ್ಕೊಂದು ಹೂವು ಸಾಕು. ಮನೆಯ ಹೆಂಗಸಿಗೆ ದಿನಕ್ಕೆ ನೂರು ಸಲ ಉತ್ತರ ಕೊಡಬೇಕಾಗುತ್ತದೆ. ಯಾವುದು ಸುಲಭವೆಂದು ಹೇಳಬೇಕಾಗಿಲ್ಲ.

ಈ ಮಾತನ್ನು ಮನೆಯಲ್ಲಿ ಓದಿ ತೋರಿಸಿದಾಗ, ‘ಭಾಷಣ ಚೆನ್ನಾಗಿದೆ, ಆದರೆ ಸಭೆಯಲ್ಲಿ ಇದನ್ನು ಹೆಂಗಸರೊಬ್ಬರು ಹೇಳಬಾರದೇ?’ ಎಂಬ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆ. ಮುಂದಿನ ಸಭೆಯ ಭಾಷಣಕಾರರನ್ನು ಗೊತ್ತುಮಾಡುವ ಪಟ್ಟಿ ಕಾರ್ಯದರ್ಶಿಗಳ ಕೈಯಲ್ಲಿದೆ. ಅದರಲ್ಲಿ ಇನ್ನೂ ಜಾಗವಿದೆ. ‘ನಾಳೆ ಬಾ’ ಎಂದು ಅವರು ಹೇಳಲಾರರೆಂದು ನಂಬಿ ನಾವು ಕುಳಿತುಕೊಳ್ಳುತ್ತೇವೆ.