ಗಾಡಿ ಮಿಸ್ಸಿಂಗ್ ಹೊಡೆದರೆ ಮೊದಲು ಏನು ನೋಡಬೇಕು?

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಚಿಗಟೇರಿಯಲ್ಲಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡುವುದು ಪದ್ಧತಿ. ಅದನ್ನು ಅಧ್ಯಕ್ಷರೂ ಕಾರ್ಯದರ್ಶಿಗಳೂ ನಮಗಿಂತ ಚೆನ್ನಾಗಿ ಆಡಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಅಷ್ಟೇ. ನಮಗೆ ಗೊತ್ತಿರುವುದು ಹೊಲ ಮತ್ತು ಮನೆಯಲ್ಲಿರುವ ಒಂದು ಹಳೇ ಟ್ರ್ಯಾಕ್ಟರು. ಆದ್ದರಿಂದ ಅದರ ಬಗ್ಗೆಯೇ ಮಾತಾಡುತ್ತೇವೆ.

ನಿರ್ದೇಶಕರಾದ ಮೇಲೆ ನಾವು ಕಂಡ ಒಂದು ಸಂಗತಿ ಇದೆ. ಮುಂಗಾರಿಗೆ ಮುಂಚೆ ಬೆಳೆಸಾಲ ಅಂತ ಒಯ್ದ ದುಡ್ಡು ಸೀದಾ ಟ್ರ್ಯಾಕ್ಟರ್ ಗ್ಯಾರೇಜಿಗೆ ಹೋಗುತ್ತದೆ. ಬೀಜ ಗೊಬ್ಬರಕ್ಕೆ ಮತ್ತೆ ಕೈಗಡ. ಫಸಲು ಬಂದಾಗ ಕೈಗಡದವರು ಮೊದಲು ಬಾಗಿಲಿಗೆ ಬರುತ್ತಾರೆ, ಸಂಘದ ಕಂತು ಹಿಂದೆ ಬೀಳುತ್ತದೆ. ಬೇರೆಯವರ ಹೆಸರು ಯಾಕೆ ಹೇಳಬೇಕು? ಇದನ್ನು ನಾವೇ ಮಾಡಿದ್ದೇವೆ. ಇಲ್ಲಿ ಕೂತ ಎಷ್ಟೋ ಜನರಿಗೆ ಗೊತ್ತೂ ಇದೆ.

ನಮ್ಮದು ಮೂರು ಸಿಲಿಂಡರಿನ, 35 ಎಚ್.ಪಿ.ಯ ಗಾಡಿ. ತಂದೆಯವರ ಕಾಲದ್ದು. ಕೆಲವು ವರ್ಷಗಳ ಹಿಂದೆ ಮಿರ್ಗಾ ಮಳೆ ಒಳ್ಳೆ ಹದ ಮಾಡಿತ್ತು. ಮೆಕ್ಕೆಜೋಳ ಬಿತ್ತಲಿಕ್ಕೆ ಹೊಲಕ್ಕೆ ಇಳಿಸಿದೆವು. ಮೂರು ಸುತ್ತು ಚೆನ್ನಾಗಿ ಎಳೆಯಿತು. ನಾಲ್ಕನೇ ಸುತ್ತಿಗೆ ಏದುಸಿರು ಬಿಟ್ಟ ಹಾಗೆ ಏರುತ್ತಾ ಇಳಿಯುತ್ತಾ, ಗಡಗಡ ನಡುಗಿ ನಿಂತೇಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಚಾಲೂ ಆಗುತ್ತದೆ, ಮತ್ತೆ ಅದೇ ಕಥೆ. ಹಳೇ ಗಾಡಿ, ಬೆಳಿಗ್ಗೆ ಚಾಲೂ ಮಾಡಿದಾಗ ಸ್ವಲ್ಪ ನೀಲಿ ಹೊಗೆಯೂ ಬರುತ್ತಿತ್ತು. "ಬೋರು ಹೋಗೈತಿ" ಅಂತ ನಾವೇ ತೀರ್ಮಾನ ಮಾಡಿ ಗ್ಯಾರೇಜಿಗೆ ಒಯ್ದೆವು. ಎಂಜಿನ್ ಬಿಚ್ಚಿರಿ ಎಂದವರೂ ನಾವೇ, ಮೆಕ್ಯಾನಿಕ್‌ನ ಮೇಲೆ ತಪ್ಪು ಹೊರಿಸುವುದಿಲ್ಲ. ಲೈನರ್, ಪಿಸ್ಟನ್, ರಿಂಗು ಎಲ್ಲಾ ಹೊಸದು. ಹತ್ತು ದಿನ ಹೋಯಿತು. ಬೆಳೆಸಾಲ ಹೋಯಿತು, ಮೇಲೆ ಒಂದು ಎಮ್ಮೆ ಹೋಯಿತು, ಹದವೂ ಹೋಯಿತು.

ಹೊಸ ಎಂಜಿನ್ ತಂದು ಹೊಲಕ್ಕೆ ಇಳಿಸಿದೆವು. ಮೂರು ಸುತ್ತು ಚೆನ್ನಾಗಿ ಎಳೆಯಿತು. ನಾಲ್ಕನೇ ಸುತ್ತಿಗೆ ನಿಂತಿತು.

ಆಗ ಪಕ್ಕದ ಹೊಲದಲ್ಲಿ ರಂಟೆ ಹೊಡೆಯುತ್ತಿದ್ದ ಒಬ್ಬ ಹಿರಿಯ ಡ್ರೈವರು ಬಂದರು. ಎಂಜಿನ್ ಕಡೆ ನೋಡಲೇ ಇಲ್ಲ. ಡೀಸೆಲ್ ಟ್ಯಾಂಕಿನ ಮುಚ್ಚಳ ಎಂದೋ ಕಳೆದುಹೋಗಿತ್ತು. ಧೂಳು ಬೀಳಬಾರದು ಅಂತ ನಾವು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿಯಾಗಿ ಕಟ್ಟಿದ್ದೆವು. ಹಾಳೆ ನಡುವೆ ತಗ್ಗು ಬಿದ್ದು ಒಳಕ್ಕೆ ಜಗ್ಗಿಕೊಂಡಿತ್ತು. "ಏನ್ರಪಾ, ಟ್ಯಾಂಕಿಗೆ ಉಸಿರು ಕಟ್ಟೀರಲ್ಲ" ಅಂದು ರಬ್ಬರ್ ಬಿಚ್ಚಿದರು. ಫಸ್ ಅಂತ ಶಬ್ದ ಬಂತು. ಗಾಡಿ ಚಾಲೂ ಮಾಡಿ ಕತ್ತಲಾಗುವವರೆಗೆ ಹೊಡೆದೆವು, ಒಂದು ಸಲವೂ ನಿಲ್ಲಲಿಲ್ಲ.

ಹೆಣ್ಣುಮಕ್ಕಳಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಎಣ್ಣೆ ಡಬ್ಬಿಗೆ ಒಂದೇ ತೂತು ಹಾಕಿದರೆ ಎಣ್ಣೆ ಗುಳುಗುಳು ಎಂದು ನಿಂತು ನಿಂತು ಬೀಳುತ್ತದೆ. ಎದುರಿಗೆ ಇನ್ನೊಂದು ತೂತು ಹಾಕಿದರೆ ಸರಾಗ ಬೀಳುತ್ತದೆ. ಕಂಪನಿಯ ಮುಚ್ಚಳದಲ್ಲಿ ಆ ಎರಡನೇ ತೂತು ಇರುತ್ತದೆ. ಅದರಲ್ಲಿ ಮಣ್ಣು ಕೂತರೂ ಇದೇ ಗತಿ. ಡೀಸೆಲ್ ಇಳಿದಷ್ಟು ಗಾಳಿ ಒಳಗೆ ಹೋಗದಿದ್ದರೆ ಪಂಪು ಎಳೆದರೂ ಬರುವುದಿಲ್ಲ. ಸ್ವಲ್ಪ ಹೊತ್ತು ಓಡಿ ಕೆಡುವ ಗಾಡಿಯ ಮುಚ್ಚಳವನ್ನು ಮೊದಲು ಬಿಚ್ಚಿ ನೋಡಿ. ಖರ್ಚು ಏನೂ ಇಲ್ಲ.

ಈ ಪೆಟ್ಟು ತಿಂದ ಮೇಲೆ ನಾವು ಕೇಳಿ, ನೋಡಿ, ಕೈ ಸುಟ್ಟುಕೊಂಡು ಕಲಿತದ್ದನ್ನು ಹೇಳುತ್ತೇವೆ.

ಡೀಸೆಲ್ ಎಂಜಿನ್ನಿಗೆ ಮೋಟಾರ್ ಸೈಕಲ್ಲಿನ ಹಾಗೆ ಪ್ಲಗ್ಗಿನ ಕಿಡಿ ಇಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ಕಂಡುಹಿಡಿದ ಉಪಾಯ ಅದು. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿದರೆ ಅದೇ 500 ಡಿಗ್ರಿಗೂ ಮೇಲೆ ಕಾಯುತ್ತದೆ. ಅದರೊಳಗೆ ನಾಜಲ್ಲು ಡೀಸೆಲನ್ನು ಮಂಜಿನ ಹಾಗೆ ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮಿಸ್ಸಿಂಗ್ ಹೊಡೆದರೆ ಕೇಳಬೇಕಾದ ಪ್ರಶ್ನೆ ಮೂರೇ: ಡೀಸೆಲ್ ಸರಿಯಾಗಿ ಬರುತ್ತಿದೆಯೋ, ಗಾಳಿ ಸಾಕಷ್ಟು ಬರುತ್ತಿದೆಯೋ, ಒತ್ತಡ ಇದೆಯೋ. ನಾವು ಮಾಡಿದ ತಪ್ಪು ಏನೆಂದರೆ ಮೂರನೆಯದರಿಂದ ಶುರು ಮಾಡಿದ್ದು. ಖರ್ಚು ಇರುವುದೂ ಅದಕ್ಕೇ.

ಡೀಸೆಲ್ ನೋಡಲಿಕ್ಕೆ ಒಂದು ಗಾಜಿನ ಬಾಟಲಿ ಸಾಕು. ಟ್ಯಾಂಕಿನ ತಳದಿಂದ ಬಾಟಲಿಗೆ ಇಳಿಸಿ ಒಂದು ರಾತ್ರಿ ಇಡಿ. ನೀರು ಡೀಸೆಲಿಗಿಂತ ಭಾರ, ಬೆಳಿಗ್ಗೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ನೀರು ಎಲ್ಲಿಂದ ಬಂತು ಅಂದರೆ, ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ತಂಪಿಗೆ ಒಳಗಿನ ತೇವವೇ ಹನಿಯುತ್ತದೆ. ಸಂಜೆ ಗಾಡಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿದರೆ ಈ ತೊಂದರೆ ಕಡಿಮೆ. ಔಷಧದ ಹಳೇ ಡ್ರಮ್ಮಿನಲ್ಲಿ ಡೀಸೆಲ್ ತರುವವರು ದಯಮಾಡಿ ಬಿಡಬೇಕು.

ಫಿಲ್ಟರ್ ಬದಲಾಯಿಸಿದ ಮೇಲೆ ಗಾಡಿ ಕುಂಟಿದರೆ ಲೈನಿನಲ್ಲಿ ಗಾಳಿ ಸೇರಿದೆ ಅಂತ ಅರ್ಥ. ಫಿಲ್ಟರ್ ಮೇಲಿನ ಸಣ್ಣ ಬೋಲ್ಟ್ ಸಡಿಲಿಸಿ ಕೈಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಬರೀ ಡೀಸೆಲ್ ಬರುತ್ತದೆ. ಆಗ ಬಿಗಿ ಮಾಡಿ, ಪಂಪಿನ ಹತ್ತಿರವೂ ಹೀಗೇ ಮಾಡಿ. ಮತ್ತೆ ಮತ್ತೆ ಗಾಳಿ ಸೇರುತ್ತಿದ್ದರೆ ತಾಮ್ರದ ವಾಷರ್, ಒಣಗಿ ಬಿರಿದ ರಬ್ಬರ್ ಪೈಪು ನೋಡಬೇಕು. ಹೊರಗೆ ಡೀಸೆಲ್ ಸೋರದಿದ್ದರೂ ಒಳಗೆ ಗಾಳಿ ಎಳೆಯುತ್ತಿರಬಹುದು.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಕಂಡುಹಿಡಿಯುವುದು ಸುಲಭ. ಗಾಡಿ ಸ್ಲೋ ಬಿಟ್ಟು, ನಾಜಲ್ಲಿಗೆ ಬರುವ ಪೈಪಿನ ನಟ್ಟನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿಯಿರಿ. ಸಡಿಲಿಸಿದಾಗ ಎಂಜಿನ್ ಇನ್ನೂ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಶಬ್ದ ಏನೂ ಬದಲಾಗದಿದ್ದರೆ ಸೋಮಾರಿ ಅದೇ. ಎಚ್.ಎಂ.ಟಿ. 2511ರಂಥ ಎರಡು ಸಿಲಿಂಡರಿನ ಗಾಡಿಯಲ್ಲಿ ದುಡಿಯುವುದರ ನಟ್ಟು ಸಡಿಲಿಸಿದರೆ ಎಂಜಿನ್ನೇ ಬಂದ್ ಆಗಬಹುದು, ಗಾಬರಿ ಬೇಡ. (ಆ ಗಾಡಿ ಇರುವವರು ಒಂದಿಷ್ಟು ಸಾಮಾನು ಎತ್ತಿಟ್ಟುಕೊಳ್ಳಿ. ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗ ಮುಚ್ಚಲು 2016ರಲ್ಲಿ ತೀರ್ಮಾನವಾಯಿತು.) ಇನ್ನು ಸೋಮಾರಿ ಸಿಲಿಂಡರಿನ ನಾಜಲ್ಲನ್ನು ಪಕ್ಕದ್ದಕ್ಕೆ, ಅದರದ್ದನ್ನು ಇದಕ್ಕೆ ಅದಲುಬದಲು ಮಾಡಿ, ಹೊಸ ವಾಷರ್ ಹಾಕಿ. ರೋಗ ನಾಜಲ್ಲಿನ ಜೊತೆ ಪಕ್ಕಕ್ಕೆ ಹೋದರೆ ನಾಜಲ್ ಕೆಟ್ಟಿದೆ. ಅಲ್ಲೇ ಉಳಿದರೆ ವಾಲ್ವು, ಟ್ಯಾಪೆಟ್, ರಿಂಗಿನ ಮಾತು ಆಮೇಲೆ.

ಇಲ್ಲಿ ಒಂದು ಮಾತು, ಹುಡುಗರು ಸರಿಯಾಗಿ ಕೇಳಬೇಕು. ನಾಜಲ್ಲು ಹೊರಗೆ ತೆಗೆದು ಚಿಮ್ಮಿಸಿ ನೋಡುವಾಗ ಅದರ ಮುಂದೆ ಕೈ ಹಿಡಿಯಲೇಬಾರದು. ಅದರ ಒತ್ತಡ ನೂರೈವತ್ತು, ಇನ್ನೂರು ಕೆ.ಜಿ.ಯ ಲೆಕ್ಕದ್ದು. ಟ್ರ್ಯಾಕ್ಟರ್ ಟೈರಿನೊಳಗೆ ಇರುವುದು ಒಂದೆರಡು ಕೆ.ಜಿ. ಅಷ್ಟೇ. ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಕೊಳೆತು ಬೆರಳು ಕಳೆದುಕೊಳ್ಳಬೇಕಾದೀತು. ಹಾಗೇನಾದರೂ ಆದರೆ ಮನೆಮದ್ದು ಬೇಡ, ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಗೆ ಹೋಗಿದೆ ಎಂದೇ ಹೇಳಿ.

ನಾಜಲ್ಲಿನ ತೂತಿಗೆ ತಂತಿ ಚುಚ್ಚುವುದು, ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸುವುದು ಎರಡೂ ಬೇಡ. ಎಷ್ಟೋ ಗಾಡಿಗಳ ಪಂಪಿನ ಮೇಲೆ ಮೈಕೋ ಎಂಬ ಹೆಸರು ನೋಡಿರುತ್ತೀರಿ. 1951ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಕಂಪನಿ, 2008ರಿಂದ ಬಾಷ್ ಅಂತ ಹೆಸರಾಗಿದೆ. ಆ ಪಂಪಿನೊಳಗೆ ಎರಡು ಭಾಗಗಳ ನಡುವಿನ ಸಂದು ತಲೆಕೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ಕಣ್ಣಿಗೆ ಕಾಣದ ಧೂಳು ಅದನ್ನು ಕೆಡಿಸುತ್ತದೆ. ಅದು ಟೆಸ್ಟಿಂಗ್ ಮಿಷನ್ ಇದ್ದವರ ಕೆಲಸ.

ಗಾಳಿಯ ವಿಷಯ ಸಣ್ಣದು, ಆದರೆ ನಾವು ಮರೆಯುವುದೂ ಅದನ್ನೇ. ಮೆಕ್ಕೆಜೋಳ ಒಕ್ಕುವಾಗ ಏರ್ ಕ್ಲೀನರಿನ ಆಯಿಲ್ ಬಟ್ಟಲು ದಿನಾ ಬಿಚ್ಚಿ ನೋಡಿ, ಕೆಸರಾಗಿರುತ್ತದೆ. ಗೆರೆ ಮೀರಿ ಆಯಿಲ್ ಹಾಕಬೇಡಿ, ಎಂಜಿನ್ ಅದನ್ನೇ ಕುಡಿಯುತ್ತದೆ. ಬೇಸಿಗೆ ಪೂರಾ ನಿಂತ ಗಾಡಿಯ ಗಾಳಿ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ಬಿಳಿ ಹೊಗೆ ಬೆಳಗಿನ ತಂಪಿಗೆ ಐದು ನಿಮಿಷ ಬಂದರೆ ಚಿಂತೆ ಇಲ್ಲ. ನಿಲ್ಲದೆ ಬರುತ್ತಾ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಾ, ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಅದು ಹೊತ್ತೂ ಬರುತ್ತಿದ್ದು, ಬ್ರೀದರಿನಿಂದಲೂ ಬುಸುಬುಸು ಹೊಗೆ ಬಂದು, ಆಯಿಲ್ ಇಳಿಯುತ್ತಿದ್ದರೆ ಮಾತ್ರ ಬೋರಿನ ಮಾತು. ನಮ್ಮ ಗಾಡಿಯ ಹಳೇ ರಿಂಗುಗಳು ಮನೆಯಲ್ಲಿ ಇನ್ನೂ ಇವೆ. ಸವೆದಿದ್ದು ನಿಜ, ಆದರೆ ಇನ್ನೂ ಎರಡು ಮುಂಗಾರು ಆರಾಮಾಗಿ ಎಳೆಯುತ್ತಿದ್ದವು.

ಗಾಡಿಯನ್ನು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿದ್ದೇವೆ. ಹೊಸ ಮುಚ್ಚಳ ಇದೆ, ತೂತೂ ಇದೆ. ಊಟ ಆದ ಮೇಲೆ ಬನ್ನಿ, ಪಾನಾ ತಂದಿದ್ದೇವೆ, ನಟ್ಟು ಸಡಿಲಿಸಿ ಶಬ್ದ ಹೇಗೆ ಬದಲಾಗುತ್ತದೆ ಅಂತ ಕೇಳಿಸುತ್ತೇವೆ. ನಿಮ್ಮ ಗಾಡಿಯೇ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಅದನ್ನೇ ತನ್ನಿ, ಇನ್ನೂ ಒಳ್ಳೆಯದು.