ಎರಿ ಹೊಲವೂ ಊರಿನ ಬೆಳವಣಿಗೆಯೂ



‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬುದು ವಿಜಯಪುರ ಸೀಮೆಯ ಹಳೆಯ ಮಾತು. ಡೋಣಿ ದಂಡೆಯ ಎರಿ ಮಣ್ಣು ಮಳೆಯ ಹಸಿಯನ್ನು ಹಿಡಿದಿಟ್ಟು ಹಿಂಗಾರಿ ಬಿಳಿಜೋಳವನ್ನು ಬೆಳೆಸುತ್ತದೆ. ಅದೇ ಮಣ್ಣು ತೊಯ್ದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಮನೆಯ ಬುನಾದಿಗೆ ಒಗ್ಗುವುದಿಲ್ಲ. ಹಾಗಾದರೆ ಎರಿ ಬಿತ್ತನೆಗೆ, ಮಡ್ಡಿ ಮನೆಗೆ ಎನ್ನೋಣವೆ?

ಲೆಕ್ಕ ಅಷ್ಟು ಸರಳವಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಇತ್ತ ಹರಿದಿದೆ. ನೀರು ಬಸಿದುಹೋಗುವ ಹಗುರ ಮಣ್ಣೂ ದ್ರಾಕ್ಷಿಗೆ ಒಗ್ಗುತ್ತದೆ. ತಿಕೋಟಾ ಭಾಗದ ಬೆಳೆ ಒಣದ್ರಾಕ್ಷಿಯಾಗಿ ಪೇಟೆ ಸೇರುತ್ತದೆ. ಮಡ್ಡಿಯೆಂದರೆ ಪಾಳು ಎನ್ನುವಂತಿಲ್ಲ. ಇತ್ತ 2017ರ ಮುಂಗಡಪತ್ರದಲ್ಲಿ ತಿಕೋಟಾ, ಬಬಲೇಶ್ವರ ಹೊಸ ತಾಲ್ಲೂಕುಗಳೆಂದು ಘೋಷಣೆಯಾದವು. ತಾಲ್ಲೂಕಾದ ಊರಿಗೆ ಕಚೇರಿ, ಶಾಲೆ, ವಸತಿ ಬೇಕೇ ಬೇಕು.

1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಹೊಲವನ್ನು ಬೇರೆ ಬಳಕೆಗೆ ತಿರುಗಿಸಲು ಬರುವ ಅರ್ಜಿ ಆಯಾ ಸರ್ವೆ ನಂಬರಿನದು. ಒಂದೊಂದೂ ನ್ಯಾಯವಾಗಿಯೇ ಕಾಣುತ್ತದೆ. ಎಲ್ಲ ಕೂಡಿದಾಗ ಹಳ್ಳ ಮುಚ್ಚಬಹುದು, ಹೊಲದ ದಾರಿ ಕಡಿಯಬಹುದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಮಹಾಯೋಜನೆಯಾದರೋ ಇಡೀ ಪ್ರದೇಶವನ್ನು ಒಟ್ಟಿಗೆ ನೋಡುತ್ತದೆ. ಕರಡಿಗೆ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು.

ಮಗಳ ಮದುವೆಗೆಂದು ಎರಡೆಕರೆ ಮಾರುವ ರೈತನನ್ನು ದೂರಿ ಫಲವಿಲ್ಲ. ಜೋಳಕ್ಕಿಂತ ಪ್ಲಾಟಿಗೆ ಬೆಲೆ ಹೆಚ್ಚಿರುವಾಗ ಹೊಲ ಉಳಿಸುವ ಹೊರೆ ಅವನೊಬ್ಬನದಾಗಬಾರದು. ನಕಾಶೆ ಅಂತಿಮವಾಗುವ ಮುನ್ನ ರೈತರೂ ಪಂಚಾಯಿತಿ ಸದಸ್ಯರೂ ಮನೆ ಬೇಕಾದವರೂ ಅದರ ಮುಂದೆ ಕೂಡಿ ಕೂಡಬೇಕು. ಮನೆ ಎದ್ದ ಮೇಲೆ ಅದರಡಿಯ ಎರಿ ಮತ್ತೆ ಹೊಲವಾಗದು.